ಮೂರು ಹೊಲಗಳಲ್ಲಿ ಸರಿ ಹೇಳಿದ ಯಂತ್ರಕಲಿಕೆಯ ಮಾದರಿ ನಾಲ್ಕನೆಯ ಹೊಲದಲ್ಲಿ ಸೋತಿದೆ: ತಪ್ಪು ಎಲ್ಲಿದೆ?

ಎರೆಮಣ್ಣು (ಪುಣೆ)
ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿದ್ದೇನೆ. ಎರಡು ವರ್ಷಗಳಿಂದ ನಾವು ನಾಲ್ವರು ಗೆಳತಿಯರು ಪ್ರತಿ ಶನಿವಾರ ದೌಂಡ್ ತಾಲ್ಲೂಕಿಗೆ ಹೋಗಿ, ಮೂರು ಕಬ್ಬಿನ ಹೊಲಗಳಿಂದ ಹೊರಬೀಳುವ, ಭೂಮಿಯ ಬಿಸಿ ಏರಿಸುವ ಅನಿಲವಾದ ನೈಟ್ರಸ್ ಆಕ್ಸೈಡನ್ನು ಅಳೆಯುತ್ತಿದ್ದೇವೆ. ಮಣ್ಣಿನಲ್ಲಿ ಹೂತ ಚೌಕಟ್ಟಿನ ಮೇಲೆ ಪೆಟ್ಟಿಗೆ ಮುಚ್ಚಿ, ಹದಿನೈದು ನಿಮಿಷಕ್ಕೊಮ್ಮೆ ಸಿರಿಂಜಿನಿಂದ ಗಾಳಿಯನ್ನು ಎಳೆದು ಸೀಸೆಗೆ ತುಂಬಿ, ಪರಿಚಯದ ಪ್ರಯೋಗಾಲಯವೊಂದರಲ್ಲಿ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಿಂದ ಪರೀಕ್ಷೆ ಮಾಡಿಸುತ್ತೇವೆ. ಅದರ ಜೊತೆಗೆ ಮಳೆ, ಉಷ್ಣಾಂಶ, ಮಣ್ಣಿನ ತೇವ, ಯೂರಿಯಾದ ಪ್ರಮಾಣ ಮತ್ತು ನೀರು ಹಾಯಿಸಿದ ದಿನಗಳನ್ನು ಸೇರಿಸಿ, ರ‍್ಯಾಂಡಮ್ ಫಾರೆಸ್ಟ್ ವಿಧಾನದಲ್ಲಿ (ದತ್ತಾಂಶದಿಂದ ತಾನೇ ಕಲಿತು ಊಹಿಸುವ ಯಂತ್ರಕಲಿಕೆಯ ಒಂದು ಬಗೆ) ಒಂದು ಮಾದರಿಯನ್ನು ತರಬೇತುಗೊಳಿಸಿದೆ.

ಪರೀಕ್ಷೆಗೆಂದು ತೆಗೆದಿಟ್ಟಿದ್ದ ಅಳತೆಗಳನ್ನು ಅದು ಬಹಳ ಚೆನ್ನಾಗಿ ಊಹಿಸಿತು. ಆದರೆ ಕಳೆದ ತಿಂಗಳು ಪಕ್ಕದ ಊರಿನ ನಾಲ್ಕನೆಯ ಹೊಲದಲ್ಲಿ ಅಳತೆ ಮಾಡಿ ಹೋಲಿಸಿದಾಗ ಮಾದರಿಯ ಅಂದಾಜಿಗೂ ನಿಜವಾದ ಅಳತೆಗೂ ಸಂಬಂಧವೇ ಇರಲಿಲ್ಲ. ಈ ನಡುವೆ ಇಂಗಾಲದ ಕ್ರೆಡಿಟ್ (ಹೊರಸೂಸುವಿಕೆ ಇಳಿಸಿದ್ದಕ್ಕೆ ಸಿಗುವ, ಹಣಕ್ಕೆ ಮಾರಬಹುದಾದ ಪ್ರಮಾಣಪತ್ರ) ವ್ಯವಹಾರದ ಸಂಸ್ಥೆಯೊಂದು ಈ ಮಾದರಿಯನ್ನು ನೂರಾರು ಹೊಲಗಳಿಗೆ ಬಳಸಲು ಅನುಮತಿ ಕೇಳಿದೆ. ತಪ್ಪು ಎಲ್ಲಿದೆ ಎಂದು ತಿಳಿಯದೆ ಒಪ್ಪಿಗೆ ಕೊಡಲು ಮನಸ್ಸು ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಡೊಂಬಿವಲಿ ಓದುಗ
ಪರೀಕ್ಷೆಗೆ ತೆಗೆದಿಟ್ಟ ಅಳತೆಗಳನ್ನು ಹೇಗೆ ಆರಿಸಿದಿರಿ?

ಎರೆಮಣ್ಣು (ಪುಣೆ)
ಎಲ್ಲ ಅಳತೆಗಳನ್ನೂ ಕಲಸಿ, ಯಾದೃಚ್ಛಿಕವಾಗಿ ನೂರಕ್ಕೆ ಇಪ್ಪತ್ತರಷ್ಟನ್ನು ಬದಿಗಿಟ್ಟೆ.

ಹಳೆಯ ಗಣಿತ (ಪವಾಯಿ)
ಮೊದಲ ತಪ್ಪು ಇದೇ. ಒಂದೇ ಹೊಲದ ಒಂದೇ ಚೌಕಟ್ಟಿನಿಂದ ಈ ವಾರ ಪಡೆದ ಅಳತೆಯೂ ಮುಂದಿನ ವಾರ ಪಡೆದ ಅಳತೆಯೂ ಒಡಹುಟ್ಟಿದವರಂತೆ ಹೋಲುತ್ತವೆ. ಒಂದನ್ನು ತರಬೇತಿಗೂ ಇನ್ನೊಂದನ್ನು ಪರೀಕ್ಷೆಗೂ ಕೊಟ್ಟರೆ, ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ತೋರಿಸಿದಂತಾಗುತ್ತದೆ. ನಿಮ್ಮ ಮಾದರಿ ಅನಿಲ ಹೇಗೆ ಹುಟ್ಟುತ್ತದೆ ಎಂಬುದನ್ನು ಕಲಿಯುವ ಬದಲು, ಮೂರು ಹೊಲಗಳ ಗುರುತನ್ನು ಕಲಿತಿದೆ. ಇಡೀ ಒಂದು ಹೊಲವನ್ನು ಹೊರಗಿಟ್ಟು, ಉಳಿದ ಎರಡರಿಂದ ತರಬೇತಿ ಕೊಟ್ಟು, ಹೊರಗಿಟ್ಟ ಹೊಲವನ್ನು ಊಹಿಸಲು ಹೇಳಿ. ಹೀಗೆ ಮೂರು ಬಾರಿ ಮಾಡಿದ ಮೇಲೆ ಬರುವ ಫಲಿತಾಂಶವನ್ನು ಮಾತ್ರ ನಂಬಬಹುದು. ಹಂಗಾಮುಗಳನ್ನೂ ಹೀಗೆಯೇ ಹೊರಗಿಟ್ಟು ನೋಡಬೇಕು.

ಎರಡನೆಯದಾಗಿ, ರ‍್ಯಾಂಡಮ್ ಫಾರೆಸ್ಟ್ ತಾನು ಕಂಡ ಮೌಲ್ಯಗಳ ಸರಾಸರಿಯನ್ನು ಹೇಳುವ ವಿಧಾನ. ತರಬೇತಿಯಲ್ಲಿ ಕಂಡ ಗರಿಷ್ಠ ಅಳತೆಗಿಂತ ಮೇಲಿನ ಸಂಖ್ಯೆಯನ್ನು ಅದು ಎಂದಿಗೂ ಹೇಳಲಾರದು. ನೈಟ್ರಸ್ ಆಕ್ಸೈಡಿನ ವಿಷಯದಲ್ಲಿ ಇದು ಸಣ್ಣ ದೋಷವಲ್ಲ, ಏಕೆಂದರೆ ವರ್ಷದ ಬಹುಪಾಲು ದಿನ ಹೊಲ ಸುಮ್ಮನಿದ್ದು, ಕೆಲವೇ ದಿನಗಳಲ್ಲಿ ಉಕ್ಕುತ್ತದೆ. ಆ ಉಕ್ಕನ್ನು ತಪ್ಪಿಸಿಕೊಂಡರೆ ಇಡೀ ಹಂಗಾಮಿನ ಮೊತ್ತವೇ ತಪ್ಪುತ್ತದೆ. ಅಂದ ಹಾಗೆ, ಅಳತೆಗಳನ್ನು ಲಾಗರಿದಮ್‌ಗೆ ಬದಲಾಯಿಸಿ ತರಬೇತಿ ಕೊಟ್ಟಿದ್ದೀರಾ? ಹಾಗಿದ್ದರೆ ಮರಳಿ ಪರಿವರ್ತಿಸುವಾಗ ತಿದ್ದುಪಡಿ ಮಾಡದಿದ್ದರೆ ಮೊತ್ತ ಇನ್ನಷ್ಟು ಕಡಿಮೆ ಬರುತ್ತದೆ.

ಎರೆಮಣ್ಣು (ಪುಣೆ)
ಹೌದು ಸರ್, ಬದಲಾಯಿಸಿದ್ದೇನೆ, ತಿದ್ದುಪಡಿಯನ್ನು ಮಾಡಿಲ್ಲ. ಈ ವಾರವೇ ಎರಡನ್ನೂ ಸರಿಪಡಿಸಿ ನೋಡುತ್ತೇನೆ.

ರವದಿ (ಇಂದಾಪುರ)
ನಾನು ವಿಜಯಪುರ ಜಿಲ್ಲೆಯವನು, ಮೂವತ್ತು ವರ್ಷಗಳಿಂದ ಇಂದಾಪುರ ತಾಲ್ಲೂಕಿನಲ್ಲಿ ಕಬ್ಬು ಬೆಳೆಯುತ್ತಿದ್ದೇನೆ. ಗಣಿತದ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ನನ್ನದೊಂದು ಪ್ರಶ್ನೆ ಇದೆ, ಮಗಳೇ. ನೀವು ಶನಿವಾರ ಮಾತ್ರ ಹೊಲಕ್ಕೆ ಬರುತ್ತೀರಿ. ನಮ್ಮಲ್ಲಿ ಯೂರಿಯಾ ಹಾಕುವುದು ಚೀಲ ಸಿಕ್ಕಿದ ದಿನ, ಕೂಲಿಯವರು ಬಂದ ದಿನ. ನೀರು ಬಿಡುವುದು ವಿದ್ಯುತ್ ಬಂದ ಹೊತ್ತಿಗೆ, ಕಾಲುವೆಯ ಪಾಳಿ ಬಂದ ಹೊತ್ತಿಗೆ. ಸೋಮವಾರ ಗೊಬ್ಬರ ಹಾಕಿ ಮಂಗಳವಾರ ನೀರು ಕೊಟ್ಟರೆ, ಶನಿವಾರ ನೀವು ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಉಕ್ಕುವುದೆಲ್ಲ ಉಕ್ಕಿ ಮುಗಿದಿರುವುದಿಲ್ಲವೇ?

ಎರೆಮಣ್ಣು (ಪುಣೆ)
ಕಾಕಾ, ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಕಚೇರಿಗೆ ರಜೆ ಇರುವ ದಿನ ಎಂಬ ಒಂದೇ ಕಾರಣಕ್ಕೆ ಶನಿವಾರವನ್ನು ಆರಿಸಿಕೊಂಡಿದ್ದೆವು.

ಪಾಷಾಣ (ಪುಣೆ)
ನಾನು ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುವವಳು. ರವದಿಯವರ ಪ್ರಶ್ನೆಯಲ್ಲಿಯೇ ಇಡೀ ವಿಷಯದ ತಿರುಳಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಕಿಣ್ವದಿಂದ ಒಡೆದು ಅಮೋನಿಯಂ ಆಗುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೀರು ತುಂಬಿ ಆಮ್ಲಜನಕ ಕಡಿಮೆಯಾದಾಗ ಇನ್ನೊಂದು ಬಗೆಯವು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ ಸಾರಜನಕದ ಅನಿಲವಾಗಿಸುತ್ತವೆ. ಈ ಎರಡೂ ದಾರಿಗಳಲ್ಲಿ ನೈಟ್ರಸ್ ಆಕ್ಸೈಡ್ ಸೋರುತ್ತದೆ. ಮಣ್ಣಿನ ರಂಧ್ರಗಳಲ್ಲಿ ನೂರಕ್ಕೆ 60ರಿಂದ 80ರಷ್ಟು ನೀರು ತುಂಬಿರುವಾಗ ಸೋರಿಕೆ ಸಾಮಾನ್ಯವಾಗಿ ಅತಿ ಹೆಚ್ಚು. ಅದಕ್ಕಿಂತ ಒಣಗಿದ್ದರೆ ಎರಡನೆಯ ದಾರಿ ತೆರೆಯುವುದಿಲ್ಲ. ಪೂರ್ತಿ ಕೆಸರಾಗಿದ್ದರೆ ಅನಿಲ ಹೊರಬರುವ ಮುನ್ನವೇ ನಿರುಪದ್ರವಿ ಸಾರಜನಕವಾಗಿಬಿಡುತ್ತದೆ. ಬಿತ್ತನೆಗೆ ಹದ ಬಂದಿದೆಯೇ ಎಂದು ಮುಷ್ಟಿಯಲ್ಲಿ ಮಣ್ಣು ಹಿಡಿದು ನೋಡುವ ರೈತರಿಗೆ ಈ ತೇವದ ಹಂತಗಳು ಕೈಗೇ ಗೊತ್ತಿರುತ್ತವೆ.

ಎರೆಹೊಲದ ಜೇಡಿಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಗರಸು ಮಣ್ಣಿನಲ್ಲಿ ಅದೇ ನೀರು ಬೇಗ ಇಳಿದುಹೋಗುತ್ತದೆ. ಎರೆಮಣ್ಣು ಅವರೇ, ನಿಮ್ಮ ನಾಲ್ಕನೆಯ ಹೊಲದ ಮಣ್ಣು ಯಾವುದು? ಅಲ್ಲಿ ಹನಿ ನೀರಾವರಿಯೇ, ಸಾಲಿನಲ್ಲಿ ಹರಿಸುವ ನೀರೇ?

ಇನ್ನೊಂದು ಮಾತು. ಬೇಸಿಗೆಯಲ್ಲಿ ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು ಇಂಗಾಲದ ಡೈಆಕ್ಸೈಡನ್ನು ಉಕ್ಕಿಸುತ್ತವೆ. ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು ಗಮನಿಸಿ 1958ರಲ್ಲಿ ಪ್ರಕಟಿಸಿದ ಬರ್ಚ್ ಎಂಬ ವಿಜ್ಞಾನಿಯ ಹೆಸರಿನಲ್ಲಿಯೇ ಅದನ್ನು ಬರ್ಚ್ ಪರಿಣಾಮ ಎನ್ನುತ್ತಾರೆ. ನೈಟ್ರೇಟ್ ಉಳಿದಿರುವ ಹೊಲದಲ್ಲಿ ಆ ಹೊತ್ತಿಗೆ ನೈಟ್ರಸ್ ಆಕ್ಸೈಡ್ ಕೂಡ ಉಕ್ಕಬಹುದು. ಮೃಗಶಿರ ಮಳೆಯ ಮೊದಲ ಎರಡು ದಿನ ನಿಮ್ಮ ಬಳಿ ಅಳತೆ ಇಲ್ಲದಿದ್ದರೆ, ಮಾದರಿಗೆ ಮುಂಗಾರಿನ ಆರಂಭವೇ ಗೊತ್ತಿಲ್ಲ ಎಂದಾಯಿತು.

ಎರೆಮಣ್ಣು (ಪುಣೆ)
ಮೇಡಂ, ಮೊದಲ ಮೂರೂ ಆಳವಾದ ಎರೆಹೊಲಗಳು, ಸಾಲಿನಲ್ಲಿ ನೀರು ಹರಿಸುತ್ತಾರೆ. ನಾಲ್ಕನೆಯದು ಗರಸು ಮಣ್ಣು, ಹನಿ ನೀರಾವರಿ, ಗೊಬ್ಬರವೂ ಹನಿಯ ಕೊಳವೆಯಲ್ಲಿಯೇ ಹೋಗುತ್ತದೆ.

ಪಾಷಾಣ (ಪುಣೆ)
ಹಾಗಾದರೆ ಮಾದರಿ ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಅದು ಎಂದೂ ನೋಡದ ಮಣ್ಣಿನ ಬಗ್ಗೆ, ಎಂದೂ ನೋಡದ ನೀರಾವರಿಯ ಬಗ್ಗೆ ನೀವು ಅದನ್ನು ಕೇಳಿದ್ದೀರಿ.

ಮಾಟುಂಗಾವಾಸಿ
ಇಷ್ಟೆಲ್ಲ ಶ್ರಮ ಏಕೆ ಎಂಬುದು ನನ್ನ ನೇರವಾದ ಪ್ರಶ್ನೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯಾದ ಐಪಿಸಿಸಿಯ 2006ರ ಮಾರ್ಗದರ್ಶಿಯಲ್ಲಿ ಸರಳವಾದ ಲೆಕ್ಕವೇ ಇದೆ: ಹೊಲಕ್ಕೆ ಹಾಕಿದ ಸಾರಜನಕದ ನೂರಕ್ಕೆ 1ರಷ್ಟು ನೈಟ್ರಸ್ ಆಕ್ಸೈಡಿನ ರೂಪದಲ್ಲಿ ಹೋಗುತ್ತದೆ. 45 ಕಿಲೋ ಯೂರಿಯಾದ ಚೀಲದಲ್ಲಿ ನೂರಕ್ಕೆ 46ರಂತೆ 20.7 ಕಿಲೋ ಸಾರಜನಕವಿರುತ್ತದೆ. ಅದರ ನೂರರಲ್ಲೊಂದು ಪಾಲು 0.207 ಕಿಲೋ. ಅಣುತೂಕದ ಲೆಕ್ಕದಲ್ಲಿ 44ನ್ನು 28ರಿಂದ ಭಾಗಿಸಿ ಗುಣಿಸಿದರೆ 0.325 ಕಿಲೋ ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಅಂದರೆ ಒಂದು ಚೀಲಕ್ಕೆ ಸುಮಾರು 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಕಾಗದ, ಪೆನ್ಸಿಲ್ ಸಾಕು.

ಪಾಷಾಣ (ಪುಣೆ)
ನಿಮ್ಮ ಗುಣಾಕಾರ ಸರಿಯಾಗಿದೆ, ಆದರೆ ಆ ನೂರಕ್ಕೆ ಒಂದು ಎಂಬುದು ಜಗತ್ತಿನ ಬೇರೆ ಬೇರೆ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿದ ಸರಾಸರಿ. 2019ರ ಪರಿಷ್ಕರಣೆಯಲ್ಲಿ ಐಪಿಸಿಸಿಯೇ ಅದನ್ನು ಒಡೆದು, ತೇವದ ಹವೆಯಲ್ಲಿ ರಾಸಾಯನಿಕ ಗೊಬ್ಬರಕ್ಕೆ ನೂರಕ್ಕೆ 1.6 ಎಂದೂ ಒಣ ಹವೆಯಲ್ಲಿ ನೂರಕ್ಕೆ 0.5 ಎಂದೂ ಬೇರ್ಪಡಿಸಿದೆ. ಉಷ್ಣವಲಯದಲ್ಲಿ ವರ್ಷಕ್ಕೆ 1000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುವ ಕಡೆಯನ್ನು ತೇವದ ಹವೆ ಎಂದು ಎಣಿಸುತ್ತಾರೆ. ಹಾಗಾದರೆ ಮಳೆನೆರಳಿನ ದೌಂಡ್‌ನಲ್ಲಿ ನಿಮ್ಮ ಚೀಲಕ್ಕೆ ಸುಮಾರು 44 ಕಿಲೋ, ಖಂಡಾಳಾ ಘಾಟಿ ಇಳಿದು ಕರ್ಜತ್ ಸೇರಿದರೆ ಅದೇ ಚೀಲಕ್ಕೆ ಸುಮಾರು 142 ಕಿಲೋ. ದೌಂಡ್‌ನ ಕಬ್ಬಿಗೆ ವರ್ಷವಿಡೀ ಕಾಲುವೆಯ ನೀರು ಸಿಗುತ್ತದೆ. ಮಳೆಯ ಲೆಕ್ಕದಲ್ಲಿ ಒಣ ಪ್ರದೇಶವಾದರೂ ಹೊಲದ ಮಣ್ಣಿನಲ್ಲಿ ತೇವ ಆರುವುದೇ ಇಲ್ಲ. ಅಂಥ ಹೊಲವನ್ನು ಯಾವ ಸಾಲಿಗೆ ಸೇರಿಸುತ್ತೀರಿ?

ಮಾಟುಂಗಾವಾಸಿ
ಈ ಪರಿಷ್ಕರಣೆಯನ್ನು ನಾನು ನೋಡಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ. ಆದರೂ ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ಇಡೀ ದೇಶದ ಲೆಕ್ಕಕ್ಕೆ ಸರಾಸರಿ ಸಾಕು. ಭಾರತ ವಿಶ್ವಸಂಸ್ಥೆಗೆ ಸಲ್ಲಿಸಿದ ನಾಲ್ಕನೆಯ ದ್ವೈವಾರ್ಷಿಕ ವರದಿಯ ಪ್ರಕಾರ 2020ರಲ್ಲಿ ದೇಶದ ಒಟ್ಟು ಹೊರಸೂಸುವಿಕೆಯಲ್ಲಿ ಕೃಷಿಯ ಪಾಲು ನೂರಕ್ಕೆ 13.72. ಆ ಲೆಕ್ಕಕ್ಕೆ ಒಂದೊಂದು ಹೊಲವನ್ನೂ ತಿಳಿಯಬೇಕಾಗಿಲ್ಲ.

ಹಳೆಯ ಗಣಿತ (ಪವಾಯಿ)
ದೇಶದ ಲೆಕ್ಕಕ್ಕೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಎರೆಮಣ್ಣು ಅವರನ್ನು ಕೇಳುತ್ತಿರುವ ಸಂಸ್ಥೆ ಒಂದೊಂದು ಹೊಲಕ್ಕೂ ಹಣ ಕಟ್ಟಲಿದೆ. ಹಣ ಹೊಲಕ್ಕೆ ಎಂದಾದ ಮೇಲೆ ತಪ್ಪನ್ನೂ ಹೊಲದ ಮಟ್ಟದಲ್ಲಿಯೇ ಅಳೆಯಬೇಕು.

ಗಜನಿ (ಪಣಜಿ)
ನಾನು ಕುಮಟಾ ಕಡೆಯವನು, ಹದಿನೈದು ವರ್ಷಗಳಿಂದ ಗೋವಾದಲ್ಲಿದ್ದೇನೆ. ಕಬ್ಬಿನ ಮಾತಿನ ನಡುವೆ ಭತ್ತವನ್ನು ತರುತ್ತಿದ್ದೇನೆ, ಆದರೆ ವಿಷಯ ಅದೇ.

ಗೋವಾದ ಖಜಾನ್ ಗದ್ದೆಗಳು ನಮ್ಮ ಅಘನಾಶಿನಿಯ ಗಜನಿ ಗದ್ದೆಗಳಿಗೆ ಅಕ್ಕತಂಗಿಯರಿದ್ದಂತೆ. ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು, ಮಾನಸ್ ಎಂಬ ತೂಬಿನಿಂದ ಭರತ ಇಳಿತಗಳನ್ನು ಹದ್ದುಬಸ್ತಿನಲ್ಲಿಡುತ್ತಾರೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಇಲ್ಲಿ ಕೊರ್ಗುಟ್ ಭತ್ತ, ನಮ್ಮಲ್ಲಿ ಕಗ್ಗ ಭತ್ತ. ಮಳೆ ಮುಗಿದ ಮೇಲೆ ಮೀನು, ಸಿಗಡಿ.

ಸಿಹಿನೀರಿನ ಕೆಸರುಗದ್ದೆಯಲ್ಲಿ ಆಮ್ಲಜನಕವಿಲ್ಲದ ಮಣ್ಣಿನ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ, ಇದೂ ಭೂಮಿಯ ಬಿಸಿ ಏರಿಸುವ ಅನಿಲವೇ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಇರುವುದರಿಂದ, ಸಲ್ಫೇಟನ್ನು ಬಳಸುವ ಸೂಕ್ಷ್ಮಜೀವಿಗಳು ಅದೇ ಆಹಾರಕ್ಕಾಗಿ ಪೈಪೋಟಿ ನಡೆಸಿ ಮೀಥೇನ್ ಉತ್ಪಾದಕರನ್ನು ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ಒಂದೇ ಗದ್ದೆ ಮಳೆಗಾಲದ ಕೊನೆಯಲ್ಲಿ ಒಂದು ರೀತಿ, ಉಪ್ಪು ಏರಿದ ಮೇಲೆ ಇನ್ನೊಂದು ರೀತಿ ವರ್ತಿಸುತ್ತದೆ. ಉಪ್ಪಿನಂಶ ಎಂಬ ಕಾಲಮ್ಮೇ ಇಲ್ಲದ ಮಾದರಿಗೆ ಇದು ಹೇಗೆ ತಿಳಿದೀತು? ಉತ್ತರ ಭಾರತದ ಕಾಲುವೆ ಗದ್ದೆಗಳ ಅಳತೆಯಿಂದ ತರಬೇತಿ ಪಡೆದ ಮಾದರಿಯನ್ನು ತಂದು ಮಾಂಡವಿಯ ದಡದ ಖಜಾನಿಗೆ ಹಚ್ಚಿದರೆ, ಅದು ಈ ಗದ್ದೆಗಳ ಮೇಲೆ ಇಲ್ಲದ ಆರೋಪ ಹೊರಿಸಿದಂತೆ ಆಗುತ್ತದೆ.

ಮಡಗಾಂವ್ ಮೇಷ್ಟ್ರು
ಭತ್ತದ ಮಾತು ಬಂದದ್ದರಿಂದ ಕೇಳುತ್ತೇನೆ. ಗದ್ದೆಯನ್ನು ಸದಾ ಮುಳುಗಿಸದೆ, ನಡುನಡುವೆ ಒಣಗಿಸಿ ಮತ್ತೆ ನೀರು ಕಟ್ಟಿದರೆ ಮೀಥೇನ್ ಅರ್ಧದಷ್ಟು ಇಳಿಯುತ್ತದೆ ಎಂದು ಓದಿದ್ದೇನೆ. ಅಷ್ಟಕ್ಕೆ ಕ್ರೆಡಿಟ್ ಕೊಡುವುದರಲ್ಲಿ ಏನು ತೊಂದರೆ?

ಪಾಷಾಣ (ಪುಣೆ)
ಮೇಷ್ಟ್ರೇ, ಮೀಥೇನ್ ಇಳಿಯುವುದು ನಿಜ. ಹಲವು ಬಾರಿ ಒಣಗಿಸಿದ ಗದ್ದೆಗೆ ಐಪಿಸಿಸಿಯ 2019ರ ಗುಣಕ 0.55, ಅಂದರೆ ಸದಾ ಮುಳುಗಿರುವ ಗದ್ದೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಒಣಗಿಸಿದಾಗ ಗಾಳಿ ಒಳಗೆ ಹೋಗಿ, ನಾನು ಮೇಲೆ ಬರೆದ ಸಾರಜನಕದ ಎರಡು ದಾರಿಗಳು ತೆರೆಯುತ್ತವೆ. ದಕ್ಷಿಣ ಭಾರತದ ಗದ್ದೆಗಳ ಅಳತೆಗಳನ್ನು ಆಧರಿಸಿ 2018ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರವಾಗಿ ಒಣಗಿಸಿ ನೆನೆಸಿದ ಕಡೆ ಒಂದು ಹಂಗಾಮಿಗೆ ಹೆಕ್ಟೇರಿಗೆ 33 ಕಿಲೋ ವರೆಗೆ ನೈಟ್ರಸ್ ಆಕ್ಸೈಡನ್ನು ದಾಖಲಿಸಿತು. ಆ ಸಂಖ್ಯೆಯನ್ನು ಎಲ್ಲ ಕಡೆಗೂ ಅನ್ವಯಿಸಬಹುದೇ ಎಂದು ಇತರ ವಿಜ್ಞಾನಿಗಳು ಪ್ರಶ್ನಿಸಿದರು, ಚರ್ಚೆ ನಡೆಯಿತು. ನನ್ನ ಅಭಿಪ್ರಾಯ ಇಷ್ಟೇ: ಮೀಥೇನನ್ನು ಮಾತ್ರ ಊಹಿಸುವ ಮಾದರಿ ಗದ್ದೆಯ ಅರ್ಧ ಕಥೆಯನ್ನು ಹೇಳುತ್ತದೆ, ಎರಡೂ ಅನಿಲಗಳನ್ನು ಒಟ್ಟಿಗೆ ಅಳೆಯದೆ ಕ್ರೆಡಿಟ್ ಕೊಡಬಾರದು.

ಮುಳಾತೀರ (ಪುಣೆ)
ಉಪಗ್ರಹಗಳನ್ನು ಏಕೆ ಯಾರೂ ಹೇಳುತ್ತಿಲ್ಲ? ಸೆಂಟಿನೆಲ್-2 ಹತ್ತು ಮೀಟರ್ ಸೂಕ್ಷ್ಮತೆಯ ಚಿತ್ರವನ್ನು ಐದು ದಿನಕ್ಕೊಮ್ಮೆ ಉಚಿತವಾಗಿ ಕೊಡುತ್ತದೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನೈಸಾರ್ ಎಂಬ ರಾಡಾರ್ ಉಪಗ್ರಹ ಮೋಡದ ಮೂಲಕವೂ ನೆಲವನ್ನು ನೋಡಬಲ್ಲದು. ಶನಿವಾರ, ಭಾನುವಾರ ಎಂದು ಅಲೆಯುವ ಅಗತ್ಯವೇ ಬೀಳುವುದಿಲ್ಲ.

ಹಳೆಯ ಗಣಿತ (ಪವಾಯಿ)
ಉಪಗ್ರಹ ಬೇಕು, ಆದರೆ ಅದು ಅಳತೆಯ ಜಾಗಕ್ಕೆ ಬರಲಾರದು. ರಾಡಾರ್ ಉಪಗ್ರಹ ತೋರಿಸುವುದು ಮೇಲ್ಮಣ್ಣಿನ ತೇವವನ್ನು, ಸೆಂಟಿನೆಲ್-2 ತೋರಿಸುವುದು ಬೆಳೆಯ ಹಸಿರನ್ನು. ಒಂದು ಎಕರೆ ಹೊಲದಿಂದ ಏಳುವ ನೈಟ್ರಸ್ ಆಕ್ಸೈಡನ್ನು ಈ ಎರಡೂ ಕಾಣಲಾರವು. ಮೀಥೇನನ್ನು ನೋಡುವ ಸೆಂಟಿನೆಲ್-5ಪಿಯ ಒಂದು ಚುಕ್ಕೆಯೇ ಹಲವು ಕಿಲೋಮೀಟರ್ ಅಗಲವಿದ್ದು, ಅದರೊಳಗೆ ಇಡೀ ಊರು ಅಡಗಿಹೋಗುತ್ತದೆ. ನೈಸಾರ್ ಒಂದೇ ಪಥಕ್ಕೆ ಮರಳುವುದು 12 ದಿನಗಳಿಗೊಮ್ಮೆ, ಅಷ್ಟರಲ್ಲಿ ಯೂರಿಯಾದ ಉಕ್ಕು ಬಂದು ಹೋಗಿರಬಹುದು. ಮಾದರಿಗೆ ಕೊಡುವ ಮಾಹಿತಿಯನ್ನು ಉಪಗ್ರಹದಿಂದ ಪಡೆಯಿರಿ, ಉತ್ತರ ಸರಿಯೇ ಎಂದು ತಿಳಿಯಲು ಪೆಟ್ಟಿಗೆಯ ಬಳಿಗೇ ಹೋಗಬೇಕು.

ಅಳತೆ ಕಡಿಮೆ ಇರುವವರಿಗೆ ಒಂದು ದಾರಿ ಇದೆ. ಮಣ್ಣಿನ ರಸಾಯನ ಕ್ರಿಯೆಗಳನ್ನು ಸಮೀಕರಣಗಳಲ್ಲಿ ಬರೆದ ಹಳೆಯ ಬಗೆಯ ಮಾದರಿಗಳಿವೆ. 1992ರಲ್ಲಿ ಪ್ರಕಟವಾದ ಡಿಎನ್‌ಡಿಸಿ ಅಂಥದ್ದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಂಡವೊಂದು 2022ರಲ್ಲಿ, ಇಕೋಸಿಸ್ ಎಂಬ ಇದೇ ಬಗೆಯ ಮಾದರಿ ಉತ್ಪಾದಿಸಿದ ಕೃತಕ ದತ್ತಾಂಶದಿಂದ ನರಜಾಲಕ್ಕೆ (ಮಿದುಳಿನ ಜಾಲವನ್ನು ಅನುಕರಿಸುವ ಯಂತ್ರಕಲಿಕೆಯ ಮಾದರಿಗೆ) ಮೊದಲ ಪಾಠ ಹೇಳಿ, ಆಮೇಲೆ ನಿಜವಾದ ಕೆಲವೇ ಅಳತೆಗಳಿಂದ ಅದನ್ನು ತಿದ್ದಿತು. ಬರಿಯ ಯಂತ್ರಕಲಿಕೆಗಿಂತ ಅದು ಉತ್ತಮ ಫಲ ಕೊಟ್ಟಿತು. ಹೊಲಕ್ಕೆ ಹೋದ ಸಾರಜನಕಕ್ಕಿಂತ ಹೆಚ್ಚು ಹೊರಬರಲಾರದು ಎಂಬಂಥ ಪ್ರಕೃತಿಯ ನಿಯಮಗಳನ್ನು ಮಾದರಿ ಮೊದಲೇ ತಿಳಿದಿದ್ದರೆ, ಅದು ಅಸಂಬದ್ಧ ಉತ್ತರ ಹೇಳುವುದು ಕಡಿಮೆಯಾಗುತ್ತದೆ.

ಡೊಂಬಿವಲಿ ಓದುಗ
ಆ ಮೊದಲ ಪಾಠ ಅಮೆರಿಕದ ಮೆಕ್ಕೆಜೋಳದ್ದು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ನಮ್ಮ ಎರೆಹೊಲವನ್ನು ಆ ಸಮೀಕರಣಗಳು ಬಲ್ಲವೇ? ಬಿರುಕಿನ ಮೇಲೆ ಪೆಟ್ಟಿಗೆಯ ಚೌಕಟ್ಟನ್ನು ಕೂರಿಸಿದರೆ ಅನಿಲ ಪಕ್ಕದಿಂದ ಸೋರಿ ಹೋಗುವುದಿಲ್ಲವೇ?

ಪಾಷಾಣ (ಪುಣೆ)
ಸೋರುತ್ತದೆ. ಚೌಕಟ್ಟನ್ನು ಆಳವಾಗಿ ಹೂಳಬೇಕು, ಬಿರುಕು ಮೂಡಿದರೆ ಸ್ಥಳ ಬದಲಿಸಿ ದಾಖಲಿಸಬೇಕು. ಗೊಬ್ಬರ ಬಿದ್ದ ಕಬ್ಬಿನ ಸಾಲಿನಲ್ಲಿ ಒಂದು, ಸಾಲುಗಳ ನಡುವೆ ಒಂದು ಎಂದು ಎರಡು ಕಡೆ ಇಡಬೇಕು. ಸಮೀಕರಣಗಳ ಬಗ್ಗೆ ನಿಮ್ಮ ಸಂಶಯ ನನ್ನದೂ ಹೌದು.

ರವದಿ (ಇಂದಾಪುರ)
ಇನ್ನೊಂದು ಮಾತನ್ನು ಹೇಳಲೇಬೇಕಾಗಿದೆ. ನಿಮ್ಮ ದತ್ತಾಂಶದಲ್ಲಿ ಯೂರಿಯಾದ ಪ್ರಮಾಣ ಎಲ್ಲಿಂದ ಬಂತು? ಅಡಸಾಲಿ ಕಬ್ಬಿಗೆ (ಸುಮಾರು ಒಂದೂವರೆ ವರ್ಷದ ಬೆಳೆ) ಹೆಕ್ಟೇರಿಗೆ 400 ಕಿಲೋ ಸಾರಜನಕ, ಅದನ್ನು ನಾಲ್ಕು ಕಂತುಗಳಲ್ಲಿ ಕೊಡಬೇಕು ಎಂಬುದು ವಿಶ್ವವಿದ್ಯಾಲಯದ ಶಿಫಾರಸು. ಯಾರಾದರೂ ಕಾಗದ ಹಿಡಿದು ಬಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಆ ಪುಸ್ತಕದ ಲೆಕ್ಕವನ್ನೇ ಹೇಳುತ್ತೇವೆ. ನಿಜವಾಗಿ ಹಾಕಿದ್ದು ಅದಕ್ಕಿಂತ ಹೆಚ್ಚಿರಬಹುದು, ಚೀಲ ಸಿಗದ ವರ್ಷ ಕಡಿಮೆಯಿರಬಹುದು. ಕಳೆದ ವರ್ಷ ಒಂದು ಸಂಸ್ಥೆಯ ಹುಡುಗರು ನಮ್ಮ ಊರಿಗೆ ಬಂದು ಅರ್ಧ ದಿನದಲ್ಲಿ ಅರವತ್ತು ಹೊಲಗಳ ವಿವರವನ್ನು ಮೊಬೈಲಿಗೆ ತುಂಬಿಕೊಂಡು ಹೋದರು. ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡುತ್ತೀರಾ ಎಂದು ಕೇಳಿದಾಗ ಎಲ್ಲರೂ ಇಲ್ಲ ಎಂದರು, ಮರುವಾರ ಎರಡು ಹೊಲಗಳಲ್ಲಿ ಹೊಗೆ ಎದ್ದಿತು. ಸುಡುವವರು ಕೆಟ್ಟವರಲ್ಲ, ಕೂಳೆಗೆ (ಕಟಾವಾದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ನೀರು ಬಿಡುವ ಅವಸರ ಅವರದು. ಆದರೆ ಅಂಥ ಉತ್ತರದಿಂದ ಕಲಿತ ಯಂತ್ರ ಏನನ್ನು ಹೇಳೀತು?

ಮುಂದೆ ಲೆಕ್ಕ ತಪ್ಪಾಯಿತು ಎಂದು ಯಾರಾದರೂ ಹಣ ಹಿಂದಕ್ಕೆ ಕೇಳಿದರೆ ಸಹಿ ಹಾಕಿದ ರೈತನ ಗತಿ ಏನು? ಇದಕ್ಕೆ ಉತ್ತರ ಬರೆಯದ ಕರಾರಿಗೆ ನಾನು ಸಹಿ ಹಾಕಲಿಲ್ಲ.

ಮಾಟುಂಗಾವಾಸಿ
ಈ ಮಾತಿಗೆ ನನ್ನ ಪೂರ್ಣ ಸಹಮತ. ಒಂದೇ ಸಂಖ್ಯೆಯನ್ನು ಕೊಡುವ ಬದಲು, ಇಷ್ಟರಿಂದ ಇಷ್ಟರ ನಡುವೆ ಎಂಬ ಅಂತರವನ್ನು ಕರಾರಿನಲ್ಲಿಯೇ ಬರೆಯಬೇಕು, ಹಣವನ್ನು ಆ ಅಂತರದ ಕೆಳತುದಿಗೆ ಮಾತ್ರ ಕಟ್ಟಬೇಕು.

ಎರೆಮಣ್ಣು (ಪುಣೆ)
ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಒಂದೊಂದೇ ಹೊಲವನ್ನು ಹೊರಗಿಟ್ಟು ಮತ್ತೆ ತರಬೇತಿ ಕೊಟ್ಟೆ. ಹಿಂದೆ ಕಂಡಿದ್ದ ನಿಖರತೆಯ ಬಹುಭಾಗ ಕರಗಿಹೋಯಿತು. ಒಂದು ಹೊಲದ ಮಟ್ಟಿಗಂತೂ ಮಾದರಿಗಿಂತ ಉಳಿದೆರಡು ಹೊಲಗಳ ಸರಾಸರಿಯೇ ಮೇಲಾಗಿತ್ತು. ಎರಡು ವರ್ಷದ ಶ್ರಮ ಹೀಗಾಯಿತಲ್ಲ ಎಂದು ಒಂದು ದಿನ ಮಂಕಾಗಿ ಕುಳಿತೆ ಎಂಬುದನ್ನು ಮುಚ್ಚಿಡುವುದಿಲ್ಲ.

ಸಂಸ್ಥೆಗೆ ಅನುಮತಿ ಇಲ್ಲ ಎಂದು ತಿಳಿಸಿದ್ದೇನೆ. ರೈತರ ಮನೆಗೆ ಹೋಗಿ ಗೊಬ್ಬರದ ಅಂಗಡಿಯ ರಸೀದಿಗಳನ್ನು ನೋಡಿದೆವು. ಮೂರರಲ್ಲಿ ಎರಡು ಹೊಲಗಳ ಪ್ರಮಾಣ ನಮ್ಮ ದಾಖಲೆಗಿಂತ ಬೇರೆಯಾಗಿತ್ತು. ಈ ಮುಂಗಾರಿನಿಂದ ವಾರದ ಲೆಕ್ಕವನ್ನು ಬಿಟ್ಟು, ಗೊಬ್ಬರ ಬಿದ್ದ ದಿನ, ನೀರು ಬಿಟ್ಟ ದಿನ, ಮೊದಲ ಮಳೆಯ ದಿನಗಳಿಂದ ಆರಂಭಿಸಿ ಸತತ ಐದು ದಿನ ಬೆಳಗಿನ ಹತ್ತರ ಸುಮಾರಿಗೆ ಅಳೆಯುತ್ತೇವೆ. ಗರಸು ಮಣ್ಣಿನ ಎರಡು ಹೊಲಗಳು ಬೇಕು. ಐದೂ ದಿನ ರಜೆ ಹಾಕಲು ನಮ್ಮ ನಾಲ್ವರಿಂದ ಆಗುವುದಿಲ್ಲ, ಆದ್ದರಿಂದ ಪುಣೆಯಲ್ಲಿರುವವರು ಯಾರಾದರೂ ಒಂದೊಂದು ದಿನ ಬರಬಹುದೇ?

ಮುಳಾತೀರ (ಪುಣೆ)
ಬುಧವಾರ ನಾನು ಬರುತ್ತೇನೆ. ಉಪಗ್ರಹದ ತೇವದ ಚಿತ್ರಗಳನ್ನೂ ಆ ಹೊಲಗಳಿಗೆ ಹೊಂದಿಸಿ ಕೊಡುತ್ತೇನೆ.

ರವದಿ (ಇಂದಾಪುರ)
ಮಗಳೇ, ನನ್ನ ಎಂಟು ಎಕರೆಯಲ್ಲಿ ಮೂರು ಗರಸು ಮಣ್ಣು, ಉಳಿದದ್ದು ಎರೆ. ಕೂಳೆಗೆ ಮೇಲುಗೊಬ್ಬರ ಹಾಕುವುದು ಬರುವ ಮಂಗಳವಾರ, ನೀರಿನ ಪಾಳಿ ಅದೇ ರಾತ್ರಿ. ಚೌಕಟ್ಟುಗಳನ್ನು ಸೋಮವಾರವೇ ಹೂಳಬೇಕಾದರೆ ಬೆಳಿಗ್ಗೆ ಬನ್ನಿ, ಸಾಲು ತೋರಿಸಲು ನಾನು ಹೊಲದಲ್ಲಿಯೇ ಇರುತ್ತೇನೆ.